ಅರ್ಧ ಬಟ್ಟಲು ಚಹಾ

ಮಾರ್ಚ್ 4, ಮಂಗಳವಾರ

ಬಸ್ಸಿನ ಹೀಟರ್ ಇವತ್ತೂ ಕೈಕೊಟ್ಟಿತು. ಬಿಷ್ಕೆಕ್ ಚಳಿ ಇನ್ನೂ ಇಳಿದಿಲ್ಲ. ಡ್ಯೂಟಿ ಮುಗಿಸಿ ಬಂದರೆ ಗಂಡ ಎರ್ಮೆಕ್ ರೊಟ್ಟಿ ಸುಡುತ್ತಿದ್ದ. ರಷ್ಯಾದಲ್ಲಿ ಕಟ್ಟಡದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಗೆಲಸ ಅವನದು, ದುಡಿಮೆ ನನ್ನದು. ಹಿಟ್ಟು ನಾದುವುದರಲ್ಲಿ ನನ್ನನ್ನೂ ಮೀರಿಸಿದ್ದಾನೆ... ಅವನ ಕಡೆಯವರಿಗೆ ಗೊತ್ತಿಲ್ಲ, ಅಷ್ಟೆ. ವಸಂತದ ನೊರೂಜ್ ಹಬ್ಬಕ್ಕೆ ಅತ್ತೆ ಬರುತ್ತಾರಂತೆ.

“ಅಮ್ಮ ಇಲ್ಲಿರೋವರೆಗೂ ಅಡುಗೆ ನಿಂದು ಅಂತ ಇರ್ಲಿ, ಆಯ್ತಾ?”

“ಹಾಗಾದ್ರೆ ಬಸ್ಸು ನೀನು ಓಡಿಸ್ತೀಯಾ?”

ಅವನು ನಕ್ಕ. ನನಗೆ ನಗು ಬರಲಿಲ್ಲ.

ಮಾರ್ಚ್ 12

ಅತ್ತೆ ಬಂದರು. ತಲೆಗೆ ವಸ್ತ್ರ ಬಿಗಿದು ಚಹಾ ನೀರು ಕಾಯುವ ಸಮೋವಾರ್ ಪಕ್ಕ ಕೂತೆ, ಚಹಾ ಸುರಿಯುವ ಸೊಸೆಯ ಜಾಗ. ಅತ್ತೆ ರೊಟ್ಟಿ ಮುರಿದು ಬಾಯಿಗಿಟ್ಟು, “ಕೈ ಪಳಗಿದೆ ಕಣೇ ಜಿಪಾರ್,” ಎಂದರು. ಎರ್ಮೆಕ್ ತಲೆ ಎತ್ತಲಿಲ್ಲ.

“ಆ ಬಸ್ಸಿನ ಹುಚ್ಚು ಯಾವಾಗ ಬಿಡ್ತೀಯ? ಗಂಡಸ್ರನ್ನೆಲ್ಲ ಕೂರಿಸ್ಕೊಂಡು ಊರು ಸುತ್ತೋದು ಮನೆ ಹೆಣ್ಣಿಗೆ ಚೆಂದವಾ?”

ಸ್ಟೀರಿಂಗ್ ಹಿಡಿದರೆ ನಾನು ನಾನಾಗಿರುತ್ತೇನೆ. ಅದನ್ನು ಅವರಿಗೆ ಹೇಗೆ ಹೇಳುವುದು?

ಮಾರ್ಚ್ 21, ನೊರೂಜ್

ಎಲ್ಲ ಕೆಟ್ಟುಹೋಯಿತು. ನಿನ್ನೆಯಿಂದ ಎರಡು ಡ್ಯೂಟಿ, ಕಣ್ಣು ಮುಚ್ಚುತ್ತಿತ್ತು. ಸಾತಾರ್ ದೊಡ್ಡಪ್ಪ — ಮಾವನ ಅಣ್ಣ, ಮನೆತನಕ್ಕೆಲ್ಲ ಹಿರಿಯ — ಬಟ್ಟಲು ಚಾಚಿದರು. ಅಂಚಿನವರೆಗೂ ತುಂಬಿಸಿಬಿಟ್ಟೆ! ಬಂದವರಿಗೆ ಅರ್ಧವೇ ಸುರಿಯಬೇಕು, ಮತ್ತೆ ಮತ್ತೆ ಕೇಳಲಿ ಅಂತ. ತುಂಬಿಸಿದರೆ ಎದ್ದು ಹೋಗು ಎಂದ ಹಾಗೆ.

“ಹೊರಡು ಅಂದ್ಯೇನಮ್ಮಾ? ಸರಿ.” ಟೋಪಿ ಹಾಕಿಕೊಂಡು ನಡೆದೇಬಿಟ್ಟರು.

“ಬಸ್ಸಿಂದ ಜನಾನ ಇಳಿಸಿ ಇಳಿಸಿ ಅದೇ ಚಾಳಿ ಆಗೋಗಿದೆ!” ಅತ್ತೆ ಹರಿಹಾಯ್ದರು. “ಭಾನುವಾರ ಅವರನ್ನ ಮತ್ತೆ ಕರೀತೀನಿ. ಬಸ್ಸು ಬಿಟ್ಟೆ ಅಂತ ಅವರೆದುರಿಗೆ ಹೇಳು.”

ಎರ್ಮೆಕ್ ನನ್ನತ್ತ ನೋಡದೆ ಎದ್ದು ಹೊರಗೆ ಹೋದ. ನನಗೆ ಸಿಟ್ಟು ಅತ್ತೆಯ ಮೇಲಲ್ಲ, ಅವನ ಮೇಲೆ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ದೊಡ್ಡಪ್ಪ ಬಂದರು. ಸಮೋವಾರ್ ಪಕ್ಕ ಕೂತೆ. ಹೇಳು ಎಂದು ಅತ್ತೆ ಸನ್ನೆ ಮಾಡಿದರು. ಅಷ್ಟರಲ್ಲಿ ಎರ್ಮೆಕ್ ಅಡುಗೆಮನೆಯಿಂದ ಬಂದ. ಮೊಣಕೈವರೆಗೂ ಹಿಟ್ಟು.

“ಆ ಕಡೆ ಸರಿ,” ಎಂದು ನನ್ನ ಜಾಗದಲ್ಲಿ ಕೂತ. ದೊಡ್ಡಪ್ಪನಿಗೆ ಅರ್ಧ ಸುರಿದ. “ಈ ಮನೇಲಿ ದಿನಾ ಚಹಾ ಸುರಿಯೋನು ನಾನು, ದೊಡ್ಡಪ್ಪ. ಅಮ್ಮ ಹೊಗಳಿದ ರೊಟ್ಟೀನೂ ನಂದೇ. ಇವಳು ಬಸ್ಸು ಬಿಡಲ್ಲ.”

ದೊಡ್ಡಪ್ಪ ಗಡ್ಡ ನೀವಿಕೊಂಡರು. ಆಮೇಲೆ ಕುಡಿದರು. ಅತ್ತೆ ತಮ್ಮ ಬಟ್ಟಲನ್ನು ಮಗನ ಮುಂದೆ ತಳ್ಳಿದರು.

“ನಂಗೆ ತುಂಬಿಸು. ಅಂಚಿನವರೆಗೂ.”

ಅವನು ಸುರಿದ, ಅರ್ಧಕ್ಕೇ ನಿಲ್ಲಿಸಿದ. ಅತ್ತೆ ಮುಟ್ಟದೆ ಎದ್ದು ಕೋಣೆಗೆ ಹೋದರು.

ದೊಡ್ಡಪ್ಪನೂ ಹೋದರು. ಒಳಗೆ ಅತ್ತೆ ಚೀಲ ಕಟ್ಟುವ ಸದ್ದು. ಎರ್ಮೆಕ್ ಆ ಕೋಣೆಯ ಬಾಗಿಲ ಹೊರಗೆ ನಿಂತೇ ಇದ್ದಾನೆ, ಅಳುತ್ತಿದ್ದಾನೇನೋ. ನನ್ನೆದುರು ಅತ್ತೆ ಮುಟ್ಟದ ಆ ಬಟ್ಟಲು ಆರುತ್ತಿದೆ. ಹೆದರಿಕೆಯಾಗುತ್ತಿದೆ, ಖುಷಿಯೂ. ಥೂ, ಎರಡೂ ಒಟ್ಟಿಗೆ...

ಅತ್ತೆ ಕರೆಯುತ್ತಿದ್ದಾರೆ. ಮಗನನ್ನಲ್ಲ, ನನ್ನನ್ನು —