ಸಿಗರೇಟಿನ ಕಂತಿನ ಬಗ್ಗೆ

ಆರ್.ಕೆ.ಪುರಂ, ನವದೆಹಲಿ
೧೦ ಜನವರಿ ೨೦೦೫

ನಿರ್ದೇಶಕರಾದ ರಮಾನಾಥ ಅವರಿಗೆ ನಮಸ್ಕಾರ.

ಭಾನುವಾರದ ನಿಮ್ಮ ಹಿಂದಿ ಧಾರಾವಾಹಿಯ ಸಿಗರೇಟಿನ ಕಂತಿನ ಬಗ್ಗೆ ವೀಕ್ಷಕರ ಅಭಿಪ್ರಾಯ ಕೇಳಿದ್ದಿರಿ. ನೀವು ಕನ್ನಡದವರೆಂದು ತಿಳಿದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಕಂತಿನಲ್ಲಿ, ಮೂವತ್ತು ವರ್ಷ ಸೇದಿ ಸತ್ತವನ ಹೊಗೆಯನ್ನೆಲ್ಲ ವಿಜ್ಞಾನಿಯ ಯಂತ್ರ ಆಕಾಶದಿಂದ ಸೆಳೆಯಿತು. ಆ ಹೊಗೆ ಅವನದೇ ಆಕಾರ ತಾಳಿ ಮನೆ ಬಾಗಿಲಿಗೆ ಬಂದು ನಿಂತಾಗ ನಾನು ಬಟಾಣಿ ಬಿಡಿಸುವುದನ್ನೇ ಮರೆತೆ. ಪಕ್ಕದ ಮನೆಯ ಮಿಸೆಸ್ ಚಡ್ಡಾ, "ಬಚ್ಚೇ ಡರ್ ಗಯೇ" ಎಂದು, ಮಕ್ಕಳು ಹೆದರಿದ್ದಕ್ಕೆ ಬೈದುಕೊಂಡರು. ಮಗಳು ಸ್ಫೂರ್ತಿ, "ಅಮ್ಮಾ, ಸಬ್ ಗ್ರಾಫಿಕ್ಸ್ ಹೈ" ಎಂದು, ಎಲ್ಲ ಕಂಪ್ಯೂಟರಿನ ಆಟವೆಂಬಂತೆ ನಕ್ಕಳು. ನನಗೆ ಮಾತ್ರ ಮೈ ಜುಮ್ಮೆಂದದ್ದು ಇನ್ನೂ ಇಳಿದಿಲ್ಲ.

ಒಂದು ತಪ್ಪು ಹೇಳಲೇಬೇಕು. ಅವನ ಹೆಂಡತಿ ಹೆದರಿ, ಫ್ಯಾನ್ ಹಾಕಿ ಹೊಗೆಯನ್ನು ಚದುರಿಸಿಬಿಟ್ಟಳಲ್ಲ, ಅದು ಸರಿಯಲ್ಲ. ನಮ್ಮ ಯಜಮಾನರು ಸಿಗರೇಟು ಹಚ್ಚಿದಾಗಲೆಲ್ಲ ಅವರನ್ನು ಬಾಲ್ಕನಿಗೆ ಅಟ್ಟುತ್ತಿದ್ದವಳು ನಾನು. ನಾನಾಗಿದ್ದರೆ ಒಳಗೆ ಕರೆದು ಕೂರಿಸುತ್ತಿದ್ದೆ.

ಅವರು ಹೋಗಿ ವರ್ಷವಾಯಿತು. ಈ ಸರ್ಕಾರಿ ಕ್ವಾರ್ಟರ್ಸನ್ನು ತಿಂಗಳ ಕೊನೆಗೆ ಖಾಲಿ ಮಾಡಬೇಕು. ದಯವಿಟ್ಟು ಒಂದು ವಿಷಯ ತಿಳಿಸಿ. ಆ ಹೊಗೆ ಹುಡುಕಿಕೊಂಡು ಬರುವುದು ಮನೆಯನ್ನೋ, ಮನೆಯವರನ್ನೋ? ಜನಕಪುರಿಯ ನಮ್ಮ ಹೊಸ ವಿಳಾಸವನ್ನು ಹಿಂಬದಿಯಲ್ಲಿ ಬರೆದಿದ್ದೇನೆ.

ಅಲ್ಲಿ ಬಾಲ್ಕನಿ ಇಲ್ಲ.

ನಿಮ್ಮ ಉತ್ತರಕ್ಕೆ ಕಾಯುವ,
ವಿಮಲಾಕ್ಷಿ