ಆಗಸ್ಟ್ ಆರೋ, ಜೂನ್ ಎಂಟೋ

ಆಸ್ಪತ್ರೆಯ ಜಾಲತಾಣ ನೋಡಿಕೊಳ್ಳುವ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಜಾಲತಾಣದಿಂದಾಗಿ ನನ್ನ ಅಕ್ಕನ ಕಣ್ಣಿನ ಶಸ್ತ್ರಚಿಕಿತ್ಸೆಯ ಸರದಿ ತಪ್ಪಿತು. ತಪ್ಪು ಅಕ್ಕನದೇ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಅವಳು ಬ್ರೌಸರಿನ ಭಾಷೆ ಬದಲಾಯಿಸಿಕೊಳ್ಳಲಿಲ್ಲವಂತೆ. ಪೊರೆ ಬಂದಿದ್ದು ಕಣ್ಣಿಗೆ, ಮೊದಲು ಸರಿಪಡಿಸಬೇಕಾದ್ದು ಬ್ರೌಸರನ್ನು ಎಂಬುದು ನಮಗೆ ಹೊಳೆಯಲೇ ಇಲ್ಲ, ಕ್ಷಮಿಸಿ.

ಅಕ್ಕ ಶಾಲಾ ಬಸ್ ಓಡಿಸುವವಳು. ಎದುರಿನ ವಾಹನದ ದೀಪ ಹೂವಿನಂತೆ ಅರಳಿ ಕಾಣತೊಡಗಿದ ದಿನ, ಯಾರೂ ಹೇಳುವ ಮೊದಲೇ ಬೀಗದ ಕೈಯನ್ನು ಮೇಲ್ವಿಚಾರಕರ ಮೇಜಿನ ಮೇಲಿಟ್ಟು ಬಂದಳು. "ಬೇರೆಯವರ ಮಕ್ಕಳು ಕಣೋ, ನಂಬಿ ಕಳಿಸ್ತಾರೆ" ಎಂದಳು. ಸರದಿಯನ್ನು ತನ್ನ ಫೋನಿನಲ್ಲೇ ಕಾಯ್ದಿರಿಸಿದಳು. ನಿಮ್ಮ ಪುಟದಲ್ಲಿ 6/8 ಎಂದು ಬಂತು. ಆರನೇ ತಾರೀಕು, ಎಂಟನೇ ತಿಂಗಳು. ಹುಟ್ಟಿದಾಗಿನಿಂದ ನಾವು ತಾರೀಕು ಓದುತ್ತಾ ಬಂದಿರುವುದು ಹೀಗೆಯೇ.

ಆಗಸ್ಟ್ ಆರರಂದು ಇಬ್ಬರೂ ಹೋದೆವು. ಕಿಟಕಿಯಾಚೆಯ ಗುಮಾಸ್ತರು ಪರದೆ ನೋಡಿ, "ನೀವು ಜೂನಲ್ಲೇ ಬರಬೇಕಿತ್ತಲ್ಲಮ್ಮ" ಎಂದರು.

ಅಕ್ಕ ಫೋನು ತೋರಿಸಿದಳು. "ಇಲ್ನೋಡಪ್ಪ, ಆರು, ಎಂಟು ಅಂತಾನೇ ಇದೆ."

"ಅದು ಜೂನ್ ಎಂಟು. ನಿಮ್ಮ ಬ್ರೌಸರ್ ಭಾಷೆ ಅಮೆರಿಕದ ಇಂಗ್ಲಿಷಲ್ಲಿದೆ. ಅದರಲ್ಲಿ ತಿಂಗಳು ಮೊದಲು ಬರುತ್ತೆ."

"ನಾನ್ಯಾವಾಗಪ್ಪ ಅಮೆರಿಕಕ್ಕೆ ಹೋಗಿದ್ದೆ?"

ಹಿಂದೆ ನಿಂತಿದ್ದವರು ನಕ್ಕರು. ಗುಮಾಸ್ತರು ಒಳ್ಳೆಯವರು. ತಾವೇ ಫೋನು ಈಸಿಕೊಂಡು ಸೆಟ್ಟಿಂಗ್ಸ್ ತೆರೆದು, ಭಾಷೆಗಳ ಸಾಲಿನಲ್ಲಿ ತಳದಲ್ಲಿದ್ದ ನಮ್ಮ ಭಾಷೆಯನ್ನು ಎಳೆದು ಮೇಲೆ ತಂದರು. ಪುಟ ಮತ್ತೆ ತೆರೆದುಕೊಂಡಾಗ 8/6 ಎಂದಿತ್ತು. ತಾರೀಕು ಈಗ ಸರಿಯಾಗಿತ್ತು, ಕಳೆದು ಎರಡು ತಿಂಗಳಾಗಿತ್ತು ಅಷ್ಟೆ. ಅಕ್ಕ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದಳು. ಎಂದೂ ಹಿಡಿದವಳಲ್ಲ.

ದೂರು ಕೊಟ್ಟೆ. "ಬಳಕೆದಾರರ ಲೋಪ" ಎಂದು ಮುಗಿಸಿದಿರಿ. ಜೊತೆಗೆ ಭಾಷೆ ಬದಲಾಯಿಸುವ ವಿಧಾನವನ್ನೂ ಕಳಿಸಿದಿರಿ, ಇಂಗ್ಲಿಷಿನಲ್ಲಿ. ಸ್ವಾಮಿ, ಒಂದೇ ಆಸ್ಪತ್ರೆ, ಒಂದೇ ವೈದ್ಯರು, ಒಂದೇ ಹಾಸಿಗೆ. ದಿನ ಮಾತ್ರ ಅವರವರ ಫೋನಿಗೆ ತಕ್ಕಂತೆ ಬೇರೆ ಬೇರೆ ಕಾಣಬೇಕೆ? ಅಂಗಡಿಯವನು ಫೋನಿಗೆ ಯಾವ ಭಾಷೆ ತುಂಬಿ ಕೊಟ್ಟ ಎಂಬುದರ ಮೇಲೆ ನಮ್ಮ ಕಣ್ಣು ನಿಂತಿದೆಯೆ?

ಈಗ ಅಕ್ಕ ಅದೇ ಬಸ್ಸಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ಹತ್ತಿಸಿ ಇಳಿಸುತ್ತಾಳೆ. ಓಡಿಸುವವರು ಬೇರೆ.

ನನಗೆ ಜಗಳವಾಡುವ ತ್ರಾಣ ಉಳಿದಿಲ್ಲ. ಕೇಳುವುದಿಷ್ಟೇ. ತಿಂಗಳನ್ನು ಅಂಕಿಯಲ್ಲಿ ತೋರಿಸಬೇಡಿ, ಹೆಸರು ಬರೆಯಿರಿ. ಜೂನ್ ಎನ್ನಲು ಎರಡಕ್ಷರ ಸಾಕು. ದೂರಿನ ಮೇಲೆ ಬರೆದ "ಲೋಪ"ವನ್ನು ಅಳಿಸಿ, ಅಕ್ಕನ ಸರದಿಯನ್ನು ಮುಂದಕ್ಕೆ ತನ್ನಿ. ನೀವು ಹೊಸದಾಗಿ ಕೊಟ್ಟಿರುವುದು ಬರುವ ವರ್ಷದ 3/3. ಯಾವ ಭಾಷೆಯಲ್ಲಿ ಓದಿದರೂ ಮಾರ್ಚ್ ಮೂರೇ. ಆದರೂ ಅಕ್ಕ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾಳೆ, "ಇದರಲ್ಲಿ ತಿಂಗಳು ಯಾವ ಮೂರೋ?"

ಇಂತಿ,
ಉತ್ತರ ಗೊತ್ತಿದ್ದೂ ಧೈರ್ಯವಾಗಿ ಹೇಳಲಾರದ,
ಬಳಕೆದಾರಳ ತಮ್ಮ