ಲತಾ ಮೇಲೆ ನೋಡಿದಳು

ಚನ್ನಪಟ್ಟಣ
೧೮-೮-೨೦೦೭

ಅಮ್ಮನಿಗೆ ನಿನ್ನ ಭಾನು ಮಾಡುವ ನಮಸ್ಕಾರ.

ಇವತ್ತು ಬೆಳಿಗ್ಗೆ ಲತಾಳ ಹಳದಿ ಫ್ರಾಕಿನ ಬೆನ್ನಿನ ಗುಂಡಿ ಸೇರಲೇ ಇಲ್ಲ. ಎಷ್ಟು ಎಳೆದರೂ ಕಾಜದ ಹತ್ತಿರ ಬರಲಿಲ್ಲ. ಕೊನೆಗೆ ಪಿನ್ನು ಹಾಕಿ, ಎರಡು ಜಡೆ ಹೆಣೆದು, ಇಪ್ಪತ್ತು ತುಂಬಿದ ತಂಗಿಯನ್ನು ನೀನು ಹೇಳಿಕೊಟ್ಟ ಹಾಗೆಯೇ ಚಿಕ್ಕವಳನ್ನಾಗಿ ಮಾಡಿದೆ.

ಫೋನಿನಲ್ಲಿ ಹೇಳೋಣವೆಂದರೆ ಸೋಲೂರಿನಲ್ಲಿ ಮಾವ ಪಕ್ಕದಲ್ಲೇ ನಿಂತಿರುತ್ತಾರೆ. ಅದಕ್ಕೇ ಕಾಗದ. ಅಜ್ಜಿಯ ಜ್ವರ ಇಳಿಯಿತೇ?

ನಿನ್ನೆಯಿಂದ ಲತಾ ಹೊಟ್ಟೆ ಒತ್ತಿಕೊಂಡು ಕಿರುಚುತ್ತಿದ್ದಳು. ಮುಟ್ಟಾಗಿದ್ದಾಳೆಂದು ಗೊತ್ತಿತ್ತು, ಆದರೆ ಇಷ್ಟು ನೋವು ಹಿಂದೆ ನೋಡಿರಲಿಲ್ಲ. ಅಪ್ಪ ಬಿಡದಿಯ ಫ್ಯಾಕ್ಟರಿ ಬಸ್ಸು ಹತ್ತಿದ ಮೇಲೆ ಆಟೋದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಾಲಿನಲ್ಲಿದ್ದ ಒಂದು ಮಗು, "ಆ ಅಕ್ಕ ಯಾಕಮ್ಮ ಪಾಪು ಫ್ರಾಕು ಹಾಕ್ಕೊಂಡವ್ಳೆ?" ಎಂದಿತು. ನಾನು ಗೋಡೆಯ ಕಡೆ ತಿರುಗಿ ಕೂತೆ.

ಡಾಕ್ಟರು ಎಂದಿನಂತೆ ಕುರ್ಚಿ ಬಿಟ್ಟು ಲತಾಳ ಎದುರು ಕುಕ್ಕರುಗಾಲಲ್ಲಿ ಕೂತರು. ಮೊದಲು ತಮ್ಮ ಕಿವಿ ಮುಟ್ಟಿಕೊಂಡು ಇಲ್ಲಿ ನೋವಾ ಎಂದು ಕೇಳಿದರು, ಆಮೇಲೆ ಹಲ್ಲು, ಆಮೇಲೆ ಹೊಟ್ಟೆ. ಒಂದೊಂದು ಪ್ರಶ್ನೆಗೂ ಸುಮ್ಮನೆ ಕಾದರು. ಹೊಟ್ಟೆ ಎಂದಾಗ ಲತಾ ಕಣ್ಣು ಮೇಲೆತ್ತಿದಳು. ಮಾತು ಬಾರದ ಅವಳ ಹೌದು ಅದೇ ಅಲ್ಲವೇ.

ಆಮೇಲೆ ಅವರು ನನ್ನನ್ನು, ಮೈನೆರೆದಿದ್ದಾಳಾ ಎಂದು ಕೇಳಿದರು. ಇಲ್ಲ ಎಂದೆ. ನೀನು ಕಲಿಸಿದ ಮಾತೇ ಬಾಯಿಗೆ ಬಂತು. ಲತಾ ನನ್ನನ್ನು ನೋಡಿದಳು. ಆಮೇಲೆ ಸೂರಿನ ಕಡೆ ಕಣ್ಣೆತ್ತಿದಳು, ಇಳಿಸಲೇ ಇಲ್ಲ.

ನನ್ನ ಸುಳ್ಳು ಗೊತ್ತಾದರೂ ಡಾಕ್ಟರು ಬೈಯಲಿಲ್ಲ. ತಿಂಗಳ ನೋವಿಗೆ ಊಟ ಆದಮೇಲೆ ಕೊಡುವ ಮಾತ್ರೆ ಬರೆದರು, ಬಿಸಿನೀರಿನ ಶಾಖ ಕೊಡಿ ಎಂದರು. "ಇಷ್ಟು ದಿನ ಈ ನೋವು ಸಹಿಸ್ಕೊಂಡಿದ್ದಾಳಲ್ಲಮ್ಮ," ಎಂದರು ಮೆಲ್ಲಗೆ. "ಇನ್ನು ಹೆಂಗಸರ ಡಾಕ್ಟ್ರೇ ನೋಡ್ಬೇಕು. ಆದ್ರೆ ಇಲ್ಲಿ ಕೇಳೋ ಹಾಗೇ ಅಲ್ಲೂ ಇವಳನ್ನೇ ಕೇಳ್ಬೇಕು. ಅವ್ರಿಗೆ ತಿಳೀದಿದ್ರೆ ನೀನೇ ಹೇಳ್ಕೊಡು."

ಅಮ್ಮ, ನನಗೆ ಏನೂ ತಿಳಿಯುತ್ತಿಲ್ಲ. ಮಕ್ಕಳ ಡಾಕ್ಟರೇ ನೋಡಲೆಂದು ನೀನು ಅವಳ ವಯಸ್ಸಿನ ಸುಳ್ಳು ಹೇಳಿದ್ದು ತಪ್ಪೆನ್ನಲು ಬಾಯಿ ಬರುವುದಿಲ್ಲ. ಹೋದ ವರ್ಷ ದೊಡ್ಡಾಸ್ಪತ್ರೆಯಲ್ಲಿ ಅವಳ ಮುಖವನ್ನೂ ನೋಡದೆ ನಿದ್ದೆ ಮಾತ್ರೆ ಬರೆದು ಕಳಿಸಿದ್ದು ನನಗೂ ನೆನಪಿದೆ. "ಗರ್ಭಕೋಶ ತೆಗೆಸಿಬುಡಿ, ನಿಮ್ಗೂ ನೆಮ್ಮದಿ" ಎಂದು ದೊಡ್ಡಲಕ್ಷ್ಮಮ್ಮ ಅತ್ತೆ ಹೇಳಿದ ದಿನ ನೀನು ಊಟ ಮಾಡಲಿಲ್ಲ. ಅವಳು ಚಿಕ್ಕವಳಾಗಿಯೇ ಇದ್ದರೆ ಯಾರೂ ಆ ಮಾತು ಎತ್ತುವುದಿಲ್ಲ ಎಂದುಕೊಂಡೆ. ಆದರೆ ಚಿಕ್ಕವಳನ್ನಾಗಿ ಇಟ್ಟುಕೊಂಡೇ ಅವಳ ನೋವನ್ನೂ ಮುಚ್ಚಿಟ್ಟೆವೇ? ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂರುವವರು ಇದ್ದಾರೆ. ಅದೇ ಮಗು ಬೆಳೆದುಬಿಟ್ಟರೆ ಯಾಕೆ ಯಾರೂ ಕೂರುವುದಿಲ್ಲ? ಸಂಜೆಯಿಂದ ಯೋಚಿಸುತ್ತಿದ್ದೇನೆ, ಒಮ್ಮೆ ನಿನ್ನ ಕಡೆ ವಾಲುತ್ತೇನೆ, ಒಮ್ಮೆ ಅವಳ ಕಡೆ.

ಮಾತ್ರೆ ಕೊಟ್ಟ ಮೇಲೆ ಲತಾ ಅನ್ನ ಸಾರು ಉಂಡಳು. ಈಗ ನನ್ನ ನೀಲಿ ಚೂಡಿದಾರ ತೊಟ್ಟು ಮಲಗಿದ್ದಾಳೆ. ಒಸಿ ಉದ್ದ, ಅಷ್ಟೇ.

ಸೋಮವಾರ ಅವಳನ್ನು ಅದೇ ಚೂಡಿದಾರದಲ್ಲಿ ರಾಮನಗರದ ಹೆಂಗಸರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬಸ್ಸಿನಲ್ಲಿ ಚಿಲ್ಲರೆ ಕೇಳಲು ಹಿಂಜರಿಯುವವಳು ನಾನು, ನಿನಗೆ ಗೊತ್ತು. ಆದರೂ ಒಳಗೆ ಹೋದ ತಕ್ಷಣ ಅವಳ ವಯಸ್ಸು ಇಪ್ಪತ್ತು ಎನ್ನುತ್ತೇನೆ. ಅವಳು ಹೌದು ಎನ್ನುವುದು ಹೇಗೆಂದು ತೋರಿಸುತ್ತೇನೆ. ಮಿಕ್ಕ ಮಾತು ಆಮೇಲೆ. ಗರ್ಭಕೋಶದ ಮಾತು ಬಂದರೆ ಅವಳ ಕೈ ಹಿಡಿದು ಎದ್ದು ಬರುತ್ತೇನೆ.

ಸಿಟ್ಟಾಗಬೇಡ.

ನಿನ್ನ ಮಗಳು,
ಭಾನುಪ್ರಿಯ

ಮರೆತಿದ್ದೆ: ಬರುವಾಗ ಅಜ್ಜಿ ಮನೆಯಿಂದ ಎಳ್ಳು, ಕೊಬ್ಬರಿ ತಾ. ನಾನು ದೊಡ್ಡವಳಾದಾಗ ಆರತಿ ಮಾಡಿ, ಚಿಗಳಿ ಕುಟ್ಟಿ ಕೊಟ್ಟೆಯಲ್ಲ, ಬಾಗಿಲ ಹತ್ತಿರ ಕೂತು ಲತಾ ಎಲ್ಲವನ್ನೂ ನೋಡುತ್ತಿದ್ದಳು. ನಿನಗೂ ಮಾಡೋಣವೇ ಎಂದು, ಈಗ ಅವಳು ಕಣ್ಣು ಬಿಟ್ಟಾಗ ಕೇಳಿದೆ. ಅವಳ ಉತ್ತರವನ್ನು ನೀನು ಬರುವವರೆಗೂ ನಿನಗೆ ಹೇಳಬಾರದೆಂದುಕೊಂಡಿದ್ದೆ. ಮೇಲೆ ನೋಡಿದಳು ಅಮ್ಮ.